ಬಿಡಿ ಅನ್ನೋದನ್ನ ಬಿಡಿ

ಪೇಟೆಯಿಂದ ದುಡ್ಡು ಕೊಟ್ಟು ಹೊಲಮನೆಗೆ ಬರುವ ಅತಿಥಿಗಳನ್ನು ನೋಡಿಕೊಳ್ಳುವ ತರಬೇತಿಯಲ್ಲಿ ಹೈನಮ್ಮ ಎರಡು ಸಲ ಫೇಲಾಗಿದ್ದಳು. ಹೈನಮ್ಮ ಎಂಬುದು ಊರಿಟ್ಟ ಅಡ್ಡಹೆಸರು. ಆರು ಹಸುಗಳ ಜೊತೆ ಒಬ್ಬಳೇ ಹೆಣಗುವವಳಿಗೆ ಅದಕ್ಕಿಂತ ಒಪ್ಪುವ ಹೆಸರು ಇನ್ನೇನಿದ್ದೀತು? ಬುದ್ಧಿ ಸಾಲದೆ ಫೇಲಾದವಳಲ್ಲ ಅವಳು. ಗೊಬ್ಬರದ ಗುಂಡಿ, ಮಳೆನೀರಿನ ತೊಟ್ಟಿ, ಮೇವಿನ ಬೆಳೆ, ಏನು ಕೇಳಿದರೂ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವಳನ್ನು ಕೆಡಿಸಿದ್ದು ಒಂದೇ ಮಾತು: "ಬಿಡಿ, ನಾನೇ ಮಾಡ್ತೀನಿ."

ಅತಿಥಿ ಸನಿಕೆ ಮುಟ್ಟಿದರೆ "ಬಿಡಿ". ಮೇವಿನ ಬುಟ್ಟಿ ಎತ್ತಿದರೆ "ಬಿಡಿ, ನಿಮಗ್ಯಾಕೆ ಕಷ್ಟ". ಪೇಟೆಯವರು ಕೈ ಕೆಸರು ಮಾಡಿಕೊಳ್ಳಲೆಂದೇ ಬರುತ್ತಾರೆ ಎಂದು ತರಬೇತಿಯ ಮೇಡಂ ತಲೆ ಚಚ್ಚಿಕೊಂಡು ಹೇಳಿದರು. ಆದರೆ ಮನೆಗೆ ಬಂದವರಿಗೆ ಕೆಲಸ ಹಚ್ಚುವುದು ಇವಳ ಜಾಯಮಾನದಲ್ಲೇ ಇರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದಂತೆ.

"ಬಿಡಿ ಅನ್ನೋದನ್ನ ಬಿಡಿ ಅಮ್ಮಾ," ಎಂದಿದ್ದರು ಮೇಡಂ. "ಮೂರನೇ ಸಲಾನೂ ಹೀಗೇ ಆದ್ರೆ ನಿಮ್ಮ ಮನೆ ಹೊಲಮನೆಗಳ ಪಟ್ಟಿಗೆ ಸೇರಲ್ಲ. ಅತಿಥಿಗಳೂ ಬರಲ್ಲ."

ಅತಿಥಿಗಳು ಬಾರದಿದ್ದರೆ ಮೂರು ಹಸುಗಳನ್ನಾದರೂ ಮಾರಲೇಬೇಕಿತ್ತು. ಯಾವ ಮೂರು ಎಂದು ಯೋಚಿಸುವ ಧೈರ್ಯವೂ ಅವಳಿಗಿರಲಿಲ್ಲ.

ಮೂರನೇ ಪರೀಕ್ಷೆ ನಡೆದದ್ದು ಅವಳದೇ ಕೊಟ್ಟಿಗೆಯಲ್ಲಿ. ಅತಿಥಿಯ ವೇಷದಲ್ಲಿ ಬರಬೇಕಿದ್ದಾಕೆ ಜ್ವರ ಹಿಡಿದು ಮಲಗಿದ್ದಳು. ಮೇಡಂ ಅತ್ತಿತ್ತ ನೋಡಿ, ಬಾಗಿಲಲ್ಲಿ ನಿಂತಿದ್ದ ಹೈನಮ್ಮನ ಮಗಳನ್ನೇ ಅತಿಥಿಯಾಗಲು ಕರೆದರು. ಇಪ್ಪತ್ತಾರರ ಹುಡುಗಿ, ಟೈಲರ್ ಅಂಗಡಿಯಲ್ಲಿ ಕೆಲಸ.

"ಹಾಲು ಕರೆಯೋದು ಹೇಳ್ಕೊಡ್ತೀರಾ ನೀವು?" ಎಂದಳು ಮಗಳು, ಮುಖ ಗಂಟು ಹಾಕಿಕೊಂಡು.

ಹೆತ್ತ ಮಗಳ ಬಾಯಲ್ಲಿ 'ನೀವು' ಕೇಳಿ ಹೈನಮ್ಮನಿಗೆ ನಗು ತಡೆಯಲಾಗಲಿಲ್ಲ. ಮಣೆ ಸರಿಸಿಕೊಟ್ಟಳು.

"ಎಳೀಬೇಡ. ಮೇಲಿಂದ ಕೆಳಗೆ ಹಿಂಡು."

ಮೊದಲ ಧಾರೆ ಮೊಣಕೈಗೆ ಹಾರಿತು, ಎರಡನೆಯದು ನೆಲಕ್ಕೆ. ಹಸು ಹಿಂತಿರುಗಿ ನೋಡಿ ಒಂದು ಕಾಲು ಝಾಡಿಸಿತು. ಬಕೆಟ್ ಉರುಳಿತು. 'ಬಿಡು' ಎಂಬ ಮಾತು ಗಂಟಲಿಗೇ ಬಂದುಬಿಟ್ಟಿತ್ತು. ಹೈನಮ್ಮ ಅದನ್ನು ನುಂಗಿಕೊಂಡು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿ ನಿಂತಳು.

"ಹೆದರ್ಬೇಡ. ಬೆನ್ನು ಸವರಿ, ಮತ್ತೆ ಹಿಡಿ."

ಈ ಸಲ ಧಾರೆ ಬಕೆಟ್ಟಿಗೇ ಬಿತ್ತು. ಮೇಡಂ ನಗುತ್ತಾ ಕಾಗದಕ್ಕೆ ಸಹಿ ಹಾಕಿದರು. "ಪಾಸು. ಅತಿಥಿಗಳು ಏನಂತೀರಿ?"

ಮಗಳು ಕೆಚ್ಚಲಿನಿಂದ ಕಣ್ಣೆತ್ತಲಿಲ್ಲ. "ನಾನು ಇದೇ ಮನೇಲಿ ಹುಟ್ಟಿದ್ದು ಮೇಡಂ. ಈ ಮಣೆ ಮೇಲೆ ಕೂತಿದ್ದು ಇವತ್ತೇ."

ದನಿಯಲ್ಲಿ ದೂರೇನೂ ಇರಲಿಲ್ಲ. ಆದರೂ ಹೈನಮ್ಮನಿಗೆ ಹಳೆಯದೆಲ್ಲ ನೆನಪಾಯಿತು. ಒಲೆಯ ಮುಂದೆ, ಬಾವಿಕಟ್ಟೆಯಲ್ಲಿ, ಈ ಕೊಟ್ಟಿಗೆಯಲ್ಲಿ, ಎಷ್ಟು ಸಲ ಆ ಪುಟ್ಟ ಕೈಯನ್ನು ಪಕ್ಕಕ್ಕೆ ಸರಿಸಿದ್ದಳು! ಮಗಳ ಕೈ ನೋಯದಿರಲಿ ಎಂದು ಇವಳು 'ಬಿಡು' ಎಂದಿದ್ದಳು. ಮಗಳಿಗೆ ಅದು 'ನಿನ್ನಿಂದ ಆಗದು' ಎಂದು ಕೇಳಿಸಿತ್ತು.

ಮೇಡಂ ಹೊರಟರು. ಮಗಳು ಕೈ ಒರೆಸಿಕೊಂಡಳು.

"ಪರೀಕ್ಷೆ ಮುಗೀತಲ್ಲ. ಇನ್ನು ನೀನೇ ಕರ್ಕೋ ಅಮ್ಮ," ಎಂದು ಏಳಹೋದಳು.

ಹೈನಮ್ಮ ಅವಳ ಹೆಗಲು ಅದುಮಿ ಕೂರಿಸಿದಳು.

"ಕೂತ್ಕೋ. ಇನ್ನೂ ಐದು ಹಸು ಕಾಯ್ತಿವೆ."