ನವೆಂಬರ್‌ನಲ್ಲಿ ಹುಟ್ಟಿದವನು

ಅಬ್ಬಾಸಿಯಾದಿಂದ ಹೊರಟಾಗ ಗಾಳಿ ಅಷ್ಟೇನೂ ಇರಲಿಲ್ಲ. ಜಹ್ರಾದ ದಾರಿಗೆ ಬಿದ್ದ ಮೇಲೆ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣದಾಯಿತು. ಆಕಾಶ, ರಸ್ತೆ, ಕಾರಿನ ಬಾನೆಟ್ಟು ಎಲ್ಲವೂ ಹುರಿಗಡಲೆ ಹಿಟ್ಟಿನ ಬಣ್ಣ. ಸ್ಯಾಮುವೆಲ್ ಸ್ಟಿಯರಿಂಗಿಗೆ ಎದೆಯೊತ್ತಿ ಕೂತಿದ್ದ.

"ಸಂಡೇ ಹೋದರೆ ಆಗುವುದಿಲ್ವಾ ಪಪ್ಪಾ?" ಎಂದ ಪಕ್ಕದಲ್ಲಿದ್ದ ಮಗ ರೂಬೆನ್.

"ಮುತ್ತಲಿಬ್ ಇವತ್ತು ಬನ್ನಿ ಅಂದಿದ್ದಾರೆ. ಅವರು ಕೈಗೆ ಸಿಗುವುದೇ ಕಷ್ಟ ಮಾರಾಯ. ಗ್ಲಾಸ್ ಏರಿಸು, ಬಾಯಿಗೆಲ್ಲ ಮಣ್ಣು."

"ಏರಿಸಿಯೇ ಉಂಟು."

ರೂಬೆನ್ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದ, ಮೂರನೇ ವರ್ಷ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಇಕಾಮಾ ಸತ್ತುಹೋಗುತ್ತದೆಂದು ವರ್ಷಕ್ಕೆ ಎರಡು ಸಲ ಬಂದು ಕುವೈತಿನ ಮಣ್ಣು ಮುಟ್ಟಿ ಹೋಗುತ್ತಿದ್ದ. ಇಲ್ಲಿ ವಾಸವಿರಲು ಅವನಿಗಿದ್ದ ಪರವಾನಗಿ ಆ ಇಕಾಮಾ ಒಂದೇ, ಅದೂ ಅಪ್ಪನ ಹೆಸರಿನ ಮೇಲೆ ನಡೆಯುವುದು. ಜೂನ್ ಒಂಬತ್ತಕ್ಕೆ ಅದರ ಅವಧಿ ಮುಗಿಯುವುದಿತ್ತು. ಗಂಡುಮಕ್ಕಳಿಗೆ ಇಪ್ಪತ್ತೊಂದು ತುಂಬಿದರೆ ಮತ್ತೆ ಹೊಸದು ಮಾಡುವುದಿಲ್ಲ. ಓದುವವನಾದರೆ, ತುಂಬುವ ಮೊದಲೇ ಕಾಲೇಜಿನ ಪತ್ರ ಇಟ್ಟು, ಹುಡುಗನೂ ಎದುರಿಗಿದ್ದು ಅರ್ಜಿ ಕೊಡಬೇಕು. ಹಾಗೆಂದು ಮುತ್ತಲಿಬ್ ಹೋದ ವರ್ಷವೇ ಹೇಳಿದ್ದ. ಮುತ್ತಲಿಬ್ ಉಳ್ಳಾಲದ ಕಡೆಯ ಬ್ಯಾರಿ. ಸ್ಯಾಮುವೆಲ್ ಸ್ಟೋರ್‌ಕೀಪರ್ ಆಗಿರುವ ಬಿಡಿಭಾಗಗಳ ಕಂಪನಿಯ ಕಾಗದಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವುದೇ ಅವನ ಕೆಲಸ. "ನಾನು ಬೆಳಿಗ್ಗೆ ಜಹ್ರಾದಲ್ಲಿರ್ತೇನೆ, ಕೆಂಪು ಕೋಟೆಯ ಹತ್ತಿರ ನಿಲ್ಲಿ" ಎಂದು ಫೋನಿನಲ್ಲಿ ಹೇಳಿದ್ದ.

ಊರಲ್ಲಿ ಇವರಿಗೊಂದು ಮನೆ ಅಂತ ಇರಲಿಲ್ಲ. ಮನೆಯೆಂದರೆ ಅಬ್ಬಾಸಿಯಾದ ಎರಡು ಕೋಣೆ, ಅಲ್ಲಿ ತಾಯಿ ಮರ್ಸಿ, ತಂಗಿ ಮೆಲಿಶಾ. ಇಕಾಮಾ ಹೋದರೆ ರೂಬೆನ್‌ಗೆ ಆ ಬಾಗಿಲು ಮುಚ್ಚಿದ ಹಾಗೆಯೇ.

ಕೋಟೆ ಇದ್ದಕ್ಕಿದ್ದಂತೆ ಎದುರಾಯಿತು. ಎತ್ತರವೇನಿಲ್ಲ, ಮಣ್ಣಿನ ಉದ್ದನೆಯ ಗೋಡೆ, ಮೂಲೆಗೊಂದು ಬುರುಜು. ಧೂಳಿನಲ್ಲಿ ಎರಡು ಬುರುಜು ಮಾತ್ರ ಕಂಡವು. ಬಾಗಿಲಲ್ಲಿ ಮೂಗಿನವರೆಗೆ ಬಟ್ಟೆ ಸುತ್ತಿಕೊಂಡಿದ್ದ ಬಂಗಾಳಿ ಕಾವಲುಗಾರ ಕೈ ಅಡ್ಡ ಹಿಡಿದ.

"ಬಂದ್ ಹೈ ಭಾಯಿ. ಇವತ್ತು ಯಾರು ಬರ್ತಾರೆ ಇದನ್ನು ನೋಡ್ಲಿಕ್ಕೆ?" ಎಂದು ಅವನು ಹಿಂದಿಯಲ್ಲಿ ಕೇಳಿದ.

"ನೋಡಲಿಕ್ಕಲ್ಲ, ನಿಲ್ಲಲಿಕ್ಕೆ," ಎಂದ ಸ್ಯಾಮುವೆಲ್, ಅವನದೇ ಹಿಂದಿಯಲ್ಲಿ. "ಇಪ್ಪತ್ತಾರು ವರ್ಷ ಆಯ್ತು ಈ ದೇಶಕ್ಕೆ ಬಂದು. ಹೊರಗೆ ನಿಲ್ಲಿಸಿ ಸಾಯಿಸಬೇಡ."

ಕಾವಲುಗಾರ ನಕ್ಕು ಒಳಗೆ ಬಿಟ್ಟ. ಅಂಗಳದಲ್ಲಿ ಧೂಳು ಸುತ್ತು ಹಾಕುತ್ತಿತ್ತು. ಇಬ್ಬರೂ ಒಂದು ಕೋಣೆಯ ಬಾಗಿಲಲ್ಲಿ ಗೋಡೆಗೊರಗಿ ನಿಂತರು. ರೂಬೆನ್ ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದ.

"ಎಂತ ನೋಡ್ತಿ?"

"ಒಳಗೆ ಹುಲ್ಲು ಹಾಕಿದ್ದಾರೆ ಪಪ್ಪಾ, ಮಣ್ಣಿನ ಜೊತೆ. ಒಳ್ಳೆ ಬೈಂಡಿಂಗ್. ಇದರ ಮೇಲೆಯೇ ಒಂದು ಪ್ರಾಜೆಕ್ಟ್ ಮಾಡಬಹುದು. ಡಿಸೆಂಬರ್‌ನಲ್ಲಿ ಬಂದಾಗ ಸರಿಯಾಗಿ ಅಳತೆ ತೆಗೀತೇನೆ."

"ತೆಗಿ. ಮಮ್ಮಿಯನ್ನೂ ಕರ್ಕೊಂಡು ಬರುವ. ಬುತ್ತಿ ಕಟ್ಟಿಕೊಂಡು."

ಮುತ್ತಲಿಬ್ ಬಂದದ್ದು ಒಂದು ಗಂಟೆಯ ಮೇಲೆ, ಕಂಕುಳಲ್ಲಿ ಫೈಲು, ಹುಬ್ಬಿನ ತುಂಬ ಮಣ್ಣು.

"ಅಯ್ಯೋ ಸ್ಯಾಮಣ್ಣ, ನೀವಿಬ್ಬರು ಇಲ್ಲಿಯ ಶೇಖ್‌ಗಳ ಹಾಗೆ ನಿಂತಿದ್ದೀರಲ್ಲ. ಇವನಾ ಮಗ? ಮೀಸೆ ಬಂದಿದೆ, ಮದುವೆ ಮಾಡಿಬಿಡಿ. ಕೊಡಿ, ಕಾಲೇಜಿನ ಪತ್ರ ಕೊಡಿ. ಪಾಸ್‌ಪೋರ್ಟು?"

ಪತ್ರವನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದ. ಪಾಸ್‌ಪೋರ್ಟು ತೆರೆದ. ನಗು ಅಲ್ಲಿಗೇ ನಿಂತಿತು.

"ಇದು ಎಂತ ಸ್ಯಾಮಣ್ಣ? ಮಾರ್ಚ್ ಇಪ್ಪತ್ತೆಂಟು, ಎಂಬತ್ತೆಂಟು ಅಂತ ಉಂಟಲ್ಲ."

"ಅದು ಬರೀ ಪಾಸ್‌ಪೋರ್ಟಿನಲ್ಲಿ. ಇವನು ಹುಟ್ಟಿದ್ದು ನವೆಂಬರ್ ಹದಿನಾಲ್ಕು."

"ಬರೀ ಪಾಸ್‌ಪೋರ್ಟಿನಲ್ಲಿ," ಎಂದು ಮುತ್ತಲಿಬ್ ಅದೇ ಮಾತನ್ನು ಮೆಲ್ಲಗೆ ಹೇಳಿದ. "ಮತ್ತೆ ಇಲ್ಲಿಯ ಕಚೇರಿಯವರು ಎಂತದನ್ನು ನೋಡೋದು? ಇವನ ಮುಖವನ್ನಾ? ಕಂಪ್ಯೂಟರ್‌ನಲ್ಲಿ ಇಪ್ಪತ್ತೊಂದು ತುಂಬಿ ಎರಡು ತಿಂಗಳಾಯ್ತು. ಯಾವಾಗ ತುಂಬ್ತದೆ ಅಂತ ನಾನು ಅವತ್ತೇ ಕೇಳಿದೆ. ನೀವು ನವೆಂಬರ್ ಅಂದ್ರಿ. ನಾನು ಡೈರಿಯಲ್ಲಿ ನವೆಂಬರ್ ಅಂತಲೇ ಬರೆದೆ."

ಸ್ಯಾಮುವೆಲ್ ಏನೋ ಹೇಳಲು ಹೋದ, ಕೆಮ್ಮು ಬಂತು.

"ಎರಡು ತಿಂಗಳು ಅಲ್ವಾ ಮುತ್ತಲಿಬ್. ಯಾರನ್ನಾದರೂ ಕೇಳಿ ನೋಡಿ. ಚರ್ಚಿನಲ್ಲಿ ಜ್ಞಾನಸ್ನಾನದ ಚೀಟಿ ಉಂಟು, ಸರಿಯಾದ ತಾರೀಕು ಅದರಲ್ಲಿದೆ."

"ಆ ಚೀಟಿ ಹಿಡ್ಕೊಂಡು ಹೋದರೆ ಪಾಸ್‌ಪೋರ್ಟು ಸುಳ್ಳು ಅಂತಾಗ್ತದೆ. ಆಗ ನಿಮ್ಮ ಇಕಾಮಾಕ್ಕೂ ಕೈ ಹಾಕ್ತಾರೆ. ಬೇಡ ಅಣ್ಣ. ಇದು ಖಲಾಸ್." ಅವನು ಪಾಸ್‌ಪೋರ್ಟನ್ನು ಪತ್ರದೊಳಗಿಟ್ಟು ಮಡಚಿ ರೂಬೆನ್‌ನ ಕೈಗೆ ಕೊಟ್ಟ. "ಜೂನ್ ಒಂಬತ್ತರ ಒಳಗೆ ಹೊರಡು ಮಗಾ. ಒಂದು ದಿನವೂ ಹೆಚ್ಚು ನಿಲ್ಲಬೇಡ. ಮತ್ತೆ ಬೇಕಾದರೆ ವಿಸಿಟ್ ವೀಸಾಕ್ಕೆ ನಾನು ಓಡಾಡ್ತೇನೆ."

ಅವನು ಹೋದ ಮೇಲೆ ತಂದೆ ಮಗ ಕಾರಿಗೆ ಬಂದು ಕೂತರು. ಗಾಳಿಗೆ ಕಾರು ತೂಗುತ್ತಿತ್ತು. ಕೋಟೆ ಕಾಣಿಸುತ್ತಿರಲಿಲ್ಲ.

"ತಾರೀಕು ಬದಲಾಯಿಸಿದ್ದು ಯಾರು?" ಎಂದು ರೂಬೆನ್ ಕೇಳಿದ.

"ನಾನೇ. ತೊಂಬತ್ತರ ಯುದ್ಧದಲ್ಲಿ ಇಲ್ಲಿಯ ಹವಲ್ಲಿಯ ಮನೆ ಬಿಟ್ಟು ಊರಿಗೆ ಓಡಿದೆವಲ್ಲ, ಕಾಗದ ಎಲ್ಲ ಅಲ್ಲಿಯೇ ಉಳಿಯಿತು. ಊರಲ್ಲಿ ನಿನಗೆ ಹೊಸ ಪಾಸ್‌ಪೋರ್ಟು ಮಾಡಿಸುವಾಗ ತಾರೀಕು ಕೇಳಿದರು. ಇಲ್ಲಿಯ ಶಾಲೆಗೆ ಮಾರ್ಚ್ ಮುಗಿಯುವಾಗ ನಾಲ್ಕು ತುಂಬಿರಬೇಕಿತ್ತು. ಎಲ್ಲರೂ ಹಾಗೇ ಮಾಡಿದರು. ನಿನಗೊಂದು ವರ್ಷ ಉಳಿಯಲಿ ಅಂತ."

"ನಾನು ಜನವರಿಯಲ್ಲಿ ಬರ್ತೇನೆ ಅಂದಿದ್ದೆ ಪಪ್ಪಾ."

"ಹೌದು."

"ಪರೀಕ್ಷೆ ಮುಗಿಸಿ ಬಾ, ಅರ್ಜೆಂಟ್ ಇಲ್ಲ ಅಂದ್ರಿ."

"ಹೌದು ಮಗಾ. ಪ್ರತಿ ನವೆಂಬರ್ ಕೇಕ್ ತರುವವನು ನಾನೇ ಅಲ್ವಾ. ಆ ಮಾರ್ಚ್ ನನ್ನ ತಲೆಯಲ್ಲಿ ಎಲ್ಲಿಯೂ ಇರಲೇ ಇಲ್ಲ. ವಿಸಿಟ್ ವೀಸಾ ಮಾಡಿಸುವ. ರಜೆಗೆ ಬಂದು ಹೋಗಬಹುದು," ಎಂದ.

"ನಮ್ಮ ಮನೆಗೆ ನಾನು ವಿಸಿಟ್ ಬರೋದಾ?"

ಫೋನು ರಿಂಗಾಯಿತು. ಮರ್ಸಿಯ ಹೆಸರು. ಸ್ಯಾಮುವೆಲ್ ಅದನ್ನು ನೋಡಿದ, ಎತ್ತಲಿಲ್ಲ, ಮಗನ ಕಡೆಗೆ ಚಾಚಿದ.

"ಮಮ್ಮಿ, ಆಗಲಿಲ್ಲ."

"ಎಂತ ಆಗಲಿಲ್ಲ? ಮುತ್ತಲಿಬ್ ಬರಲಿಲ್ವಾ?"

"ಬಂದಿದ್ದರು. ನನಗೆ ಆಗಲೇ ಇಪ್ಪತ್ತೊಂದು ಆಯ್ತಂತೆ."

"ಯಾರು ಹೇಳಿದ್ದು? ಹೆತ್ತದ್ದು ನಾನಲ್ವಾ, ನನಗೆ ಗೊತ್ತಿಲ್ವಾ ನಿನಗೆ ಎಷ್ಟಂತ?"

"ಪಾಸ್‌ಪೋರ್ಟಿನಲ್ಲಿ ಆಗಿದೆ ಮಮ್ಮಿ."

ಆ ಕಡೆ ಕುಕ್ಕರು ಒಂದು ಸೀಟಿ ಹಾಕಿತು, ಇನ್ನೊಂದು ಹಾಕಿತು. ಯಾರೂ ಒಲೆ ಆರಿಸಲಿಲ್ಲ.

"ಯಾವಾಗ ಹೋಗಬೇಕು?" ಎಂದಳು ಮರ್ಸಿ.

"ಜೂನ್ ಒಂಬತ್ತರ ಒಳಗೆ."

"ಪಪ್ಪನಿಗೆ ಕೊಡು."

ಸ್ಯಾಮುವೆಲ್ ತಲೆ ಅಲ್ಲಾಡಿಸಿ ಕಿಟಕಿಯ ಕಡೆ ತಿರುಗಿದ.

"ಪಪ್ಪ ಡ್ರೈವ್ ಮಾಡ್ತಿದ್ದಾರೆ ಮಮ್ಮಿ. ರೋಡ್ ಸರಿ ಕಾಣ್ತಾ ಇಲ್ಲ. ಆಮೇಲೆ ಮಾತಾಡ್ತಾರೆ."

ಕಾರು ನಿಂತಲ್ಲಿಯೇ ಇತ್ತು. ಸ್ಯಾಮುವೆಲ್ ಇನ್ನೂ ಕೀಲಿ ತಿರುಗಿಸಿರಲಿಲ್ಲ.