ಹನ್ನೊಂದನೇ ರೀಲು

‘ಕ್ಷಮಿಸು’ ಬೇಡ. ಮನೆಯಲ್ಲಿ ಹೆಂಡತಿಗೆ ಯಾರು ‘ಕ್ಷಮಿಸು’ ಅನ್ನುತ್ತಾರೆ? ‘ಹೊಟ್ಟೆಗೆ ಹಾಕ್ಕೋ’ ಅನ್ನಬೇಕು. ತಿಪ್ಪೇರುದ್ರಪ್ಪ ರೈಲಿನ ಕಿಟಕಿಯ ಕಡೆ ಮುಖ ಮಾಡಿ, ತುಟಿ ಅಲ್ಲಾಡದ ಹಾಗೆ ಇನ್ನೊಮ್ಮೆ ಹೇಳಿಕೊಂಡ: ನಿನಗೆ ಸಮಾಧಾನ ಹೇಳಾಕೆ ನನ್ ಹತ್ರ ಮಾತಿಲ್ಲ ಕಸ್ತೂರಿ. ನನ್ನ ಮೌನಾನಾದ್ರೂ ಹೊಟ್ಟೆಗೆ ಹಾಕ್ಕೋ.

ಚೆನ್ನಾಗಿತ್ತು. ಹರಿಹರ ಬರುವುದಕ್ಕೆ ಇನ್ನು ಹತ್ತು ನಿಮಿಷ.

“ಟೈಮೆಷ್ಟಾತ್ರಿ ಮೇಷ್ಟ್ರೆ?” ಎದುರಿಗೆ ಕೂತವನು ಕೇಳಿದ. ಕೊಡೆ ಹಿಡಿದವರೆಲ್ಲ ಮೇಷ್ಟ್ರು ಅಂತ ಅವನ ಲೆಕ್ಕವಿರಬೇಕು. ಅದು ತಪ್ಪೂ ಆಗಿರಲಿಲ್ಲ. ಅವನ ಎರಡೂ ಕಾಲು ಒಂದು ದೊಡ್ಡ ತಗಡಿನ ಡಬ್ಬಿಯ ಮೇಲಿದ್ದವು.

“ಹತ್ತೂವರೆ. ಡಬ್ಬ್ಯಾಗೇನೈತೆ?”

“ಪಿಚ್ಚರ್ ರೀ. ಹರಿಹರದ ಟೆಂಟಿಗೆ.”

ಯಾವ ಪಿಚ್ಚರು ಅಂತ ಕೇಳಬಹುದಿತ್ತು. ಕೇಳಲಿಲ್ಲ. ಆ ಟೆಂಟಿಗೆ ಬರುವುದೆಲ್ಲ ದಾವಣಗೆರೆಯವರು ನೋಡಿ, ಹಾಡಿ, ಮರೆತು ವರ್ಷವಾದ ಸರಕು. ತಿಪ್ಪೇರುದ್ರಪ್ಪನಿಗೆ ತನ್ನದೇ ಚಿಂತೆ.

ದಾವಣಗೆರೆಯ ಹೈಸ್ಕೂಲಿನಲ್ಲಿ ಅವನು ಹುಡುಗರಿಗೆ ಕನ್ನಡ ಕಲಿಸುತ್ತಿದ್ದ. ‘ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂದು ಬೋರ್ಡಿನ ಮೇಲೆ ಬರೆದರೆ ನಲವತ್ತು ಹುಡುಗರು ನಲವತ್ತು ಡೈಲಾಗು ಬರೆದು ಕೊಡುತ್ತಿದ್ದರು. ಹಣೆಯ ಮೇಲೆ ಗುಂಗುರು ಇಳಿಬಿಟ್ಟುಕೊಂಡು ಬಂದವರನ್ನು ಅವನು ನೇರ ಕ್ಷೌರದಂಗಡಿಗೆ ಅಟ್ಟುತ್ತಿದ್ದ. ಅದೇ ಅಂಗಡಿಯ ಗೋಡೆಯ ಪೋಸ್ಟರು ತೋರಿಸಿ ತನ್ನ ಮೀಸೆಯನ್ನು ಸೀಸದಕಡ್ಡಿಯಲ್ಲಿ ಗೀಚಿದಷ್ಟು ಸಣ್ಣಗೆ ಮಾಡಿಸಿಕೊಂಡಿದ್ದು ಮಾತ್ರ ಬೇರೆ ವಿಷಯ.

ಆಷಾಢದಲ್ಲಿ ಮೂರು ತಿಂಗಳ ಕೂಸು ಜ್ವರ ಬಂದು ತೀರಿಹೋಯಿತು. ಮಣ್ಣು ಮಾಡಿ ಬಂದ ಮೇಲೆ ಅವನು ಕಸ್ತೂರಿಯ ಹೆಗಲ ಮೇಲೆ ಕೈಯಿಟ್ಟು, “ಕಣ್ಣೀರು ಒರೆಸಿಕೋ. ನಿನ್ನ ಕಣ್ಣೀರು ನೋಡುವ ಶಕ್ತಿ ನನಗಿಲ್ಲ” ಅಂದ.

ಅವಳು ಅತ್ತೇ ಇರಲಿಲ್ಲ. ಒಣಗಿದ ಕಣ್ಣಿನಿಂದ ಅವನನ್ನು ನೋಡಿ, “ಇದು ಯಾವ ಪಿಚ್ಚರಿಂದ್ರಿ?” ಎಂದು ಕೇಳಿದಳು.

ಥೂ! ಆ ಹೊತ್ತಿನಲ್ಲೂ ಅವನ ತಲೆ ಹುಡುಕಿತು. ಹುಡುಕಿದ್ದು ಸಿಕ್ಕಿತು ಕೂಡ. ಆ ನಾಚಿಕೆ ಇನ್ನೂ ಅವನ ಮೈಯಲ್ಲಿ ಹಾಗೇ ಇತ್ತು.

ಮಣ್ಣಿಗೆ ಹಾಲುತುಪ್ಪ ಬಿಟ್ಟ ಮಾರನೆಯ ದಿನ ಅವಳು ಹರಿಹರದ ತವರಿಗೆ ಹೊರಟಳು. ಹೊಸ್ತಿಲಲ್ಲಿ ನಿಂತು, “ನಿಮ್ದೇ ಅನ್ನೋ ಒಂದ್ ಮಾತು ಸಿಕ್ದಾಗ ಬಂದು ಕರೀರಿ. ಬರ್ತೀನಿ,” ಅಂದಳು. ಜಗಳವಿಲ್ಲ, ರಂಪವಿಲ್ಲ. ಒಂದು ಮಾತು, ಅಷ್ಟೇ.

ಮೂರು ತಿಂಗಳು ಹುಡುಕಿದ. ಕಾಗದ ಬರೆದ, ಹರಿದ. ಒಳಗೆ ಏನೋ ಇತ್ತು, ಅದಕ್ಕೆ ಬಾಯಿರಲಿಲ್ಲ. ಹೋದ ಭಾನುವಾರ ಟಾಕೀಸಿನ ಕತ್ತಲೆಯಲ್ಲಿ, ಮಗು ಕಳೆದುಕೊಂಡ ನಾಯಕ ಹೆಂಡತಿಗೆ ಹೇಳಿದ: ‘ನಿನ್ನನ್ನು ಸಂತೈಸಲು ನನ್ನಲ್ಲಿ ಮಾತಿಲ್ಲ. ನನ್ನ ಮೌನವನ್ನಾದರೂ ಕ್ಷಮಿಸು.’ ಅರೆ, ಇದು ನನ್ನ ಮಾತೇ ಅಲ್ಲವೇ! ತಿಪ್ಪೇರುದ್ರಪ್ಪ ಎದ್ದ. ನಾಲ್ಕೈದು ಜನರ ಕಾಲು ತುಳಿದು, ಬೈಗುಳ ತಿಂದು, ಮುಂದಿನ ಮಾತು ಕಿವಿಗೆ ಬೀಳುವ ಮೊದಲೇ ಹೊರಗೆ ಬಂದ. ಬೊಗಸೆಯಲ್ಲಿ ನೀರು ತರುವವನ ಹಾಗೆ ಅದನ್ನು ಮನೆತನಕ ತಂದ.

ಮಾವ ಮೈಲಪ್ಪನ ಮನೆಯ ಹಿಂದೆಯೇ ಮಂಡಕ್ಕಿ ಭಟ್ಟಿ. ಮುಂಬಾಗಿಲಿಗೆ ಬಂದವರಿಗೆ ಮೊದಲು ಹೊಗೆಯೇ ಬರ್ರಿ ಅನ್ನುತ್ತದೆ.

“ಬರ್ರಿ, ಬರ್ರಿ ಅಳಿಯಂದ್ರೆ. ಕೈಕಾಲು ತೊಳ್ಕೊಳ್ರಿ. ಈಗ ನೆಪ್ಪಾತೇನು ನಮ್ಮನಿ?” ಎಂದ ಮೈಲಪ್ಪ.

ಅತ್ತೆ ಕೊಟ್ರವ್ವ ನೀರಿನ ತಂಬಿಗೆ ಇಟ್ಟು ದನಿ ತಗ್ಗಿಸಿದಳು. “ಹೋದ ಮಂಗಳವಾರ ಸೀರೆ ತರಾಕೆ ನಿಮ್ಮೂರಿಗೇ ಬಂದಿದ್ವಿ. ಮನೆಗೆ ಹೋಗಿ ಬಾರವ್ವ ಅಂದೆ. ಒಲ್ಲೆ ಅಂದ್ಲು. ಮಧ್ಯಾಹ್ನಪೂರ್ತಿ ಚಿಕ್ಕಮ್ಮನ ಮಗಳ ಜೊತೆ ಎಲ್ಲಿ ಸುತ್ತಿದ್ಲೋ. ಕೇಳಿದ್ರೆ ಬಾಯಿ ಬಿಡಂಗಿಲ್ಲ.”

ಮಂಗಳವಾರ ಮಧ್ಯಾಹ್ನ ಅವನು ಸಮಾಸ ಹೇಳಿಕೊಡುತ್ತಿದ್ದ. ಅರ್ಧ ಮೈಲಿಯಾಚೆ ಅವಳಿದ್ದಳು, ಬರಲಿಲ್ಲ. ಅವನಿಗೆ ನಿಜವಾಗಿ ನೋವಾಯಿತು.

ಹಿತ್ತಿಲಲ್ಲಿ ಕಸ್ತೂರಿ ಮಂಡಕ್ಕಿ ಜರಡಿ ಹಿಡಿಯುತ್ತಿದ್ದಳು. ಮರಳು ಕೆಳಗೆ ಉದುರುತ್ತಿತ್ತು. ಅವನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

“ಯಾವಾಗ ಬಂದ್ರಿ?”

“ಈಗ.”

“ಊಟ?”

“ಆಮೇಲೆ.”

ಜರಡಿ ಆಡುತ್ತಲೇ ಇತ್ತು. ಅವನು ಕೊಡೆಯ ಹಿಡಿ ಬಿಗಿ ಹಿಡಿದು ಹೇಳಿದ. ನಿನಗೆ ಸಮಾಧಾನ ಹೇಳಾಕೆ ನನ್ ಹತ್ರ ಮಾತಿಲ್ಲ ಕಸ್ತೂರಿ. ದನಿ ನಡುಗಿತು, ಆ ನಡುಕವನ್ನು ಅವನು ಅಭ್ಯಾಸ ಮಾಡಿರಲಿಲ್ಲ. ನನ್ನ ಮೌನಾನಾದ್ರೂ ಹೊಟ್ಟೆಗೆ ಹಾಕ್ಕೋ.

ಜರಡಿ ನಿಂತಿತು. ಅವಳು ಬಹಳ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಮೆಲ್ಲಗೆ, “ನೀವೊಬ್ರೇ ಏನ್ ಸುಮ್ನಿರ್ಲಿಲ್ಲ. ಆ ಮೌನದಾಗೆ ನನ್ನ ಪಾಲೂ ಐತೆ,” ಅಂದಳು. ಅಂದವಳೇ ಬಿಕ್ಕಿಬಿಕ್ಕಿ ಅತ್ತಳು. ಕೂಸು ಹೋದ ದಿನ ಅಳದವಳು ಜರಡಿಯ ಮುಂದೆ ಕೂತು ಅತ್ತಳು. ಅವನ ಕಣ್ಣಲ್ಲೂ ನೀರು ಬಂತು.

“ನಾಳೆ ಬೆಳಿಗ್ಗೆ ಗಾಡಿಗೆ ಹೊರಡಾಣ,” ಎಂದಳು, ಮೂಗು ಒರೆಸಿಕೊಂಡು.

ಎಂಥ ಮಾತು ಅವಳದು! ಎಂಟನೆಯ ಇಯತ್ತೆ ಓದಿದವಳು. ತಾನು ತಂದದ್ದು ಎರವಿನ ಒಡವೆ, ಅವಳು ಕೊಟ್ಟದ್ದು ಅಪ್ಪಟ ಬಂಗಾರ. ಅವನಿಗೆ ಸುಖವೂ ನಾಚಿಕೆಯೂ ಒಟ್ಟಿಗೇ ಆಯಿತು. ಇನ್ನು ಮೇಲೆ ಆ ಮಾತಿಗೆ ತಕ್ಕವನಾಗಿ ಬದುಕಿದರೆ ಸಾಲದೇ ಎಂದುಕೊಂಡ.

ಉಂಡು ಒರಗಿದ್ದಾಗ ಓಣಿಯಲ್ಲಿ ತಮಟೆ ಕೇಳಿತು. ಟೆಂಟಿನ ಜಟಕಾ. ಅದರ ಬದಿಗೆ ಕಟ್ಟಿದ ಪೋಸ್ಟರಿನಲ್ಲಿ ಮಗುವಿಲ್ಲದ ತೊಟ್ಟಿಲು, ತೊಟ್ಟಿಲ ಪಕ್ಕ ಆ ನಾಯಕ, ಆ ಮೀಸೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಿಪ್ಪೇರುದ್ರಪ್ಪನ ಕೈ ತಾನಾಗಿ ತುಟಿಯ ಮೇಲೆ ಹೋಯಿತು.

“ಟೆಂಟಿನೋನು ಈ ಸಲ ಜಿದ್ದಿಗೆ ಬಿದ್ದು ಹೊಸಾದೇ ತರ್ಸ್ಯಾನೆ,” ಮೈಲಪ್ಪ ಹಿಗ್ಗಿದ. “ನಿಮ್ಮೂರಾಗೆ ನಿನ್ನೆ ಮುಗ್ದೈತೆ, ಇವತ್ತಿಲ್ಲಿ. ಟೆಂಟಿನಾಗೆ ಮಾರಾದು ನಮ್ಮ ಮಂಡಕ್ಕಿನೇ. ಎಲ್ಲಾರಿಗೂ ಜಾಗ ಹೇಳಿಬಂದೀನಿ.”

“ಬ್ಯಾಡ್ರಿ ಮಾವ. ನೋಟ್‌ಬುಕ್ ತಿದ್ದೋದೈತೆ.” ನೋಟ್‌ಬುಕ್ಕುಗಳು ದಾವಣಗೆರೆಯಲ್ಲಿದ್ದವು.

“ನಾನೂ ಒಲ್ಲೆನಪ್ಪ, ತಲೆ ನೋಯ್ತೈತೆ,” ಒಳಗಿನಿಂದ ಕಸ್ತೂರಿ ಅಂದಳು. ಆ ತಲೆನೋವಿಗೆ ಅವನು ಕೈ ಮುಗಿಯಬೇಕು ಅನ್ನಿಸಿತು.

ಮೈಲಪ್ಪನ ಮುಖ ಕೆಂಪಗಾಯಿತು. “ಏನ್ ತಮಾಷಿ ಮಾಡ್ತೀರೇನು? ಮೂರು ತಿಂಗ್ಳಿಂದ ಈ ಓಣ್ಯಾಗೆ ತಲಿಗೊಂದು ಮಾತಾಡ್ಯಾರೆ. ಗಂಡ ಬಿಟ್ಟೋಳು ಅಂದೋರೂ ಅದಾರೆ. ಇಬ್ರೂ ಜೋಡಿ ಟೆಂಟಿಗೆ ಹೋಗಿ ಬಂದ್ರೆ ನಾಳೆ ಎಲ್ಲರ ಬಾಯೂ ಮುಚ್ತೈತೆ. ಏಳ್ರಿ.”

ಆ ಓಣಿಯ ಪದ್ಧತಿಯೇ ಹಾಗಿತ್ತು. ಮುನಿದು ಬಂದ ಮಗಳು ಗಂಡನ ಜೊತೆ ಟೆಂಟಿಗೆ ಹೋದಳೆಂದರೆ ರಾಜಿ ಆಯಿತು ಅಂತ ಅರ್ಥ. ಅವರಿಬ್ಬರೂ ಎದ್ದರು. ದಾರಿಯಲ್ಲಿ ಕಟ್ಟೆ ಕಟ್ಟೆಯ ಮೇಲಿದ್ದವರು ಕಣ್ತುಂಬ ನೋಡಿದರು. ಅವಳು ತಲೆ ಬಗ್ಗಿಸಿ ನಡೆದಳು. ಅವನು ಹೇಗೆ ನಡೆಯಬೇಕೆಂದು ತಿಳಿಯದೆ ನಡೆದ.

ಟೆಂಟಿನಲ್ಲಿ ಹೆಂಗಸರದು ಬೇರೆ ಕಡೆ. ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ. ಇದ್ದದ್ದು ಒಂದೇ ಮಿಷನ್ನು, ರೀಲು ಮುಗಿದಾಗೆಲ್ಲ ದೀಪ ಹಾಕಿ, ಬೇರೆ ರೀಲು ಏರಿಸಿ ಮತ್ತೆ ಕತ್ತಲೆ. ಪಕ್ಕದವನೊಬ್ಬ ಗಟ್ಟಿಯಾಗಿ ರೀಲು ಎಣಿಸುತ್ತಿದ್ದ. ಏಳು. ಎಂಟು. ತಿಪ್ಪೇರುದ್ರಪ್ಪನ ಅಂಗಿಯ ಬೆನ್ನು ಬೆವರಿಗೆ ಅಂಟಿತು. ಕರೆಂಟು ಹೋಗಲಿ, ಮಳೆ ಬರಲಿ, ಟೆಂಟಿಗೆ ಬೆಂಕಿ ಬೀಳಲಿ ಎಂದು ಬೇಡಿಕೊಂಡ. ಹತ್ತು.

ಹನ್ನೊಂದರ ಕೊನೆಗೆ ನಾಯಕ ಹೆಂಡತಿಯ ಮುಂದೆ ನಿಂತ. ‘ನನ್ನ ಮೌನವನ್ನಾದರೂ ಕ್ಷಮಿಸು.’ ದೀಪ ಹತ್ತಿತು.

ಗೋಡೆಯಾಚೆ ಹೆಂಗಸರು ಮೂಗು ಸೀಟುತ್ತಿದ್ದರು. ಕಸ್ತೂರಿ ಎದ್ದು ಹೋಗಿರಲಿಲ್ಲ. ನಗುತ್ತಲೂ ಇರಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು. ಗೊತ್ತಾಗಲಿಲ್ಲವೇ? ‘ಹೊಟ್ಟೆಗೆ ಹಾಕ್ಕೋ’ ಅಂತ ತಿದ್ದಿದ್ದು ಒಳ್ಳೆಯದಾಯಿತು! ಮೂರು ತಿಂಗಳಲ್ಲಿ ಮೊದಲ ಸಲ ಅವನು ಪೂರಾ ಉಸಿರು ತೆಗೆದುಕೊಂಡ.

ಕತ್ತಲೆಯಾಯಿತು. ಹನ್ನೆರಡನೆಯ ರೀಲಿನಲ್ಲಿ ನಾಯಕಿ ತಲೆಯೆತ್ತಿ ಗಂಡನನ್ನು ಬಹಳ ಹೊತ್ತು ನೋಡಿದಳು. ‘ಮೌನವಾಗಿದ್ದುದು ನೀವೊಬ್ಬರೇ ಅಲ್ಲ,’ ಎಂದಳು. ‘ಆ ಮೌನದಲ್ಲಿ ನನ್ನ ಪಾಲೂ ಇದೆ.’

ಪಟ್ಟನೆ ರೀಲು ಕಡಿಯಿತು. ದೀಪ ಹತ್ತಿತು.

ಮಂಗಳವಾರ ಮಧ್ಯಾಹ್ನ ಅವಳು ಹೋಗಿದ್ದು ಟಾಕೀಸಿಗೆ. ಅವನಿಗೆ ತಿರುಗಿ ನೋಡುವ ಮನಸ್ಸಿರಲಿಲ್ಲ. ಆದರೂ ನೋಡಿದ. ಕಸ್ತೂರಿ ಅವನನ್ನೇ ನೋಡುತ್ತಿದ್ದಳು, ಎಷ್ಟು ಹೊತ್ತಿನಿಂದಲೋ. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಅಣಕವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಅವನ ಮಾತು ಎಲ್ಲಿಯದೆಂದು ಗೊತ್ತಿದ್ದೇ ಉತ್ತರ ಕೊಟ್ಟಳೇ? ಅಥವಾ ಅವಳೂ ಒಂದು ಮಾತಿಗಾಗಿ ಮೂರು ತಿಂಗಳು ಹುಡುಕಿದ್ದಳೇ? ಸರಿ, ಮಾತು ಇಬ್ಬರದೂ ಎರವಿನದೇ. ಆದರೆ ಆ ಅಳು?

ನಾಯಕಿ ಇನ್ನು ಅಳುತ್ತಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಕಸ್ತೂರಿಗೆ ಗೊತ್ತಿತ್ತು.

ಅವನು ಎದ್ದ. ಮೈಲಪ್ಪ ತೋಳು ಹಿಡಿದು ಜಗ್ಗಿದ. “ಎಲ್ಲಿಗೆ ಹೊಂಟ್ರಿ? ಎಲ್ಲಾರೂ ನೋಡಾಕ್ ಹತ್ಯಾರೆ. ಕೂಡ್ರಿ, ಅಂಟಿಸ್ತಾನೆ.”

ಕೂತ. ನೆಲದ ಮೇಲಿನವರು ಸಿಳ್ಳೆ ಹಾಕಿ ಕೂಗುತ್ತಿದ್ದರು. ಮುಂದೆ ಬರೀ ಬಿಳೀ ಬಟ್ಟೆ, ಅದರ ಮೇಲೊಂದು ಹಲ್ಲಿ. ಗೋಡೆಯ ಆಚೆಯಿಂದ ಅವಳು, ಈಚೆಯಿಂದ ಅವನು ಆ ಬಟ್ಟೆಯನ್ನು ನೋಡಿದರು. ಅಳಬೇಡ ತಾಯಿ, ಎಂದು ತಿಪ್ಪೇರುದ್ರಪ್ಪ ಕಡಿದುಹೋದ ರೀಲಿನ ಹೆಂಗಸನ್ನು ಬೇಡಿಕೊಂಡ, ನಿನ್ನ ದಮ್ಮಯ್ಯ, ನೀನೊಬ್ಬಳು ಅಳಬೇಡ.

ದೀಪ ಆರಿತು.