ತೆರೆಯ ಮೇಲೆ ಚುಕ್ಕಿ ಮೂಡಿದ ದಿನ

ಮಗಳನ್ನು ಊಟಕ್ಕೆ ಎಳೆದೊಯ್ಯಲೆಂದೇ ಅಮ್ಮ ನೆಲಮಾಳಿಗೆಯ ಮೆಟ್ಟಿಲಿಳಿದು ಪ್ರಯೋಗಾಲಯಕ್ಕೆ ಬಂದಿದ್ದರು. ಎ.ಸಿ. ಗಾಳಿಗೆ ಲೇಸರ್ ಕಿರಣ ನಡುಗುತ್ತಿದೆಯೆಂಬ ಗುಮಾನಿಯಿಂದ ಮಗಳು ಎ.ಸಿ.ಯ ಬಾಯಿಗೇ ರಟ್ಟು ಅಂಟಿಸಿದ್ದಳು. ಕೋಣೆ ಕಾದ ಹೆಂಚಾಗಿತ್ತು.

"ಜಗತ್ತಿನಲ್ಲೇ ಅತೀ ತಣ್ಣಗಿರೋ ವಸ್ತು ಇಲ್ಲಿದೆ ಅಂದಿದ್ದೆ. ನಾನಿಲ್ಲಿ ಬೆಂದು ಹೋಗ್ತಿದ್ದೀನಲ್ಲೇ!" ಎಂದರು ಅಮ್ಮ, ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತ.

"ಅದು ಆ ಗಾಜಿನ ಡಬ್ಬೀಲಿದೆ ಅಮ್ಮಾ."

ಅವಳು ವಿವರಿಸಿದಳು. ಎದುರುಬದುರು ಬರುವ ಲೇಸರ್ ಬೆಳಕು ಮೊಟ್ಟೆ ಇಡುವ ಟ್ರೇಯಂತೆ ಸಾಲುಸಾಲು ಗುಳಿಗಳನ್ನು ಮಾಡುತ್ತದೆ. ಆ ಡಬ್ಬಿಯೊಳಗೆ ಅಷ್ಟು ತಣ್ಣಗಾದ ಪರಮಾಣು ಅಲೆಯಂತೆ ವರ್ತಿಸುತ್ತದೆ. ಒಂದೇ ಪರಮಾಣು ಎಷ್ಟೋ ಗುಳಿಗಳಲ್ಲಿ ಹರಡಿಕೊಳ್ಳುತ್ತದೆ. ಬೆಳಕು ಆರಿಸಿದೊಡನೆ ಗುಳಿಗುಳಿಯಿಂದಲೂ ಹೊರಟ ಅಲೆಗಳು ಒಂದರೊಳಗೊಂದು ಬೆರೆಯುತ್ತವೆ. ತಾಳ ಕೂಡಿದರೆ ಕಂಪ್ಯೂಟರ್ ತೆರೆಯ ಮೇಲೆ ಚೊಕ್ಕ ಚುಕ್ಕಿಗಳು, ತಪ್ಪಿದರೆ ಬರೀ ಮಬ್ಬು. ಇಷ್ಟು ವರ್ಷ ಬಂದದ್ದೆಲ್ಲ ಮಬ್ಬೇ.

"ಒಂದೇ ಸಲಕ್ಕೆ ಎಲ್ಲಾ ಗುಳೀಲೂ ಇರುತ್ತಾ? ನಿಮ್ಮಪ್ಪ ಇದಕ್ಕೆ ಉಲ್ಟಾ. ಕೆಲಸಕ್ಕೆ ಕರೆದ್ರೆ ಯಾವ ಕೋಣೇಲೂ ಇರಲ್ಲ."

ಪಕ್ಕದಲ್ಲಿದ್ದ ಸಹೋದ್ಯೋಗಿ ಕಿಸಕ್ಕನೆ ನಕ್ಕ. ಅವನ ಎತ್ತರಕ್ಕೆ ಎಲ್ಲರೂ ಜಿರಾಫೆ ಎನ್ನುತ್ತಿದ್ದರು. ನಗುತ್ತಲೇ ಬೆಳಕು ಆರಿಸುವ ಗುಂಡಿ ಒತ್ತಿದ.

ತೆರೆಯ ನಡುವೆ ಒಂದು ಉಜ್ವಲ ಚುಕ್ಕಿ. ಸುತ್ತ ಅಚ್ಚು ಹಾಕಿದಂತೆ ಇನ್ನಷ್ಟು.

ಮರುಕ್ಷಣ ಜಿರಾಫೆ "ಬಂತೂ!" ಎಂದು ಎಗರಿದ, ಅವನ ಮೊಣಕೈ ಮೇಜಿನ ಮೇಲೆ ಲೇಸರ್ ಬೆಳಕನ್ನು ತಿರುಗಿಸುವ ಕನ್ನಡಿಗೆ ತಗುಲಿತು. ಮುಂದಿನ ಚಿತ್ರ ಮಬ್ಬು.

ಗದ್ದಲಕ್ಕೆ ಪ್ರೊಫೆಸರ್ ಓಡಿಬಂದರು. ಬೆನ್ನ ಹಿಂದೆ ಅವರ ಹೆಸರು ಗುಮ್ಮ. ಅವರು ನಕ್ಕದ್ದನ್ನು ಕಂಡವರಿರಲಿಲ್ಲ. ಕಂಪ್ಯೂಟರಿನಲ್ಲಿ ಉಳಿದಿದ್ದ ಮೊದಲ ಚಿತ್ರವನ್ನು ನೋಡಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಒಂದ್ಸಲ ಬಂದಿದ್ದು ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋದಂಗೆ. ಇನ್ನೊಂದ್ಸಲ ಬರಲಿ. ಯಾರೂ ಅಲುಗಾಡಬೇಡಿ."

ಅವಳು ಉಸಿರು ಬಿಗಿಹಿಡಿದು ಕನ್ನಡಿಯ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದಳು. ಎಲ್ಲರೂ ಕಲ್ಲಾಗಿ ನಿಂತರು. ನಗಬಾರದೆಂದರೆ ನಗು ಸುಮ್ಮನಿದ್ದೀತೆ? ಅಮ್ಮ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ಅವರನ್ನು ಕಂಡ ಪ್ರೊಫೆಸರ್ ಬಂದ ನಗುವನ್ನು ನುಂಗಲು ಹೋದರು. ನಗುವಿನ ಬದಲು ಬಿಕ್ಕಳಿಕೆ ಬಂತು. ಹಿಕ್! ಅವರು ಮೇಜು ಹಿಡಿದು ನಿಂತಿದ್ದರಿಂದ ಅದೂ ಅಲುಗಿ, ತೆರೆಯ ಮೇಲೆ ಮತ್ತೆ ಮಬ್ಬು.

"ಸರ್," ಎಂದಳು ಅವಳು, ಕೆನ್ನೆಯ ಒಳಗನ್ನು ಕಚ್ಚಿಕೊಂಡು, "ದಯವಿಟ್ಟು... ಹೊರಗೆ."

"ನನ್ನ ಲ್ಯಾಬಿಂದ ನನ್ನೇ... ಹಿಕ್... ಓಡಿಸ್ತೀಯಾ?"

"ನಡೀರಿ ಸ್ವಾಮಿ, ನೀರು ಕುಡೀರಿ," ಎಂದು ಅಮ್ಮ ಅವರ ತೋಳು ಹಿಡಿದು ಕರೆದೊಯ್ದರು. ಬಾಗಿಲ ಗಾಜಿಗೆ ಎರಡು ಮೂಗುಗಳು ಒತ್ತಿಕೊಂಡವು.

ಚುಕ್ಕಿಗಳು ಬಂದವು. ಮತ್ತೊಮ್ಮೆ ಬಂದವು. ಒತ್ತಿದಾಗಲೆಲ್ಲ ಬಂದವು! ಪ್ರೊಫೆಸರ್ ಹೊರಗೆ ಬಿಕ್ಕುತ್ತಲೇ ಕುಣಿದರು.

ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಮ್ಮನ ಕೈಹಿಡಿದು ಮೆಟ್ಟಿಲು ಹತ್ತಿ, ಬಿಸಿಲಿಗೆ ಬಂದು, ಬಸ್ ನಿಲ್ದಾಣದಲ್ಲಿ ನಿಂತಿದ್ದ ಅಪರಿಚಿತ ಮುದುಕರೊಬ್ಬರಿಗೆ ಕೂಗಿ ಹೇಳಿದಳು: "ಬಂತು! ಕೊನೆಗೂ ಬಂತು!"

ಅವರು ಗಡಬಡಿಸಿ ಚೀಲ ಎತ್ತಿಕೊಂಡು ರಸ್ತೆಯತ್ತ ಇಣುಕಿದರು. "ಎಲ್ಲಿ ಬಂತಮ್ಮಾ?"

ಅಮ್ಮ ಅವರ ಪಕ್ಕ ಕುಳಿತು, "ಮೊದಲು ಒಂದು ಮೊಟ್ಟೆ ಟ್ರೇ ಅಂದ್ಕೊಳ್ಳಿ," ಎಂದು ಶುರುಮಾಡಿದರು. ಬಸ್ಸು ಬಂದು ಹೋದದ್ದು ಮೂವರಿಗೂ ಕಾಣಲಿಲ್ಲ.